ಪವರ್ ಕಟ್ ಕಾಟ ತಪ್ಪೋಕೆ ಮನೆ ಮೇಲೆ ಸೋಲಾರ್ ಹಾಕಿಸೋದಾದ್ರೆ 3 ಕಿಲೋವ್ಯಾಟ್ ಸಾಕಾ, 5 ಬೇಕಾ?

ಮೂರೂ ಬೇಡ, ಐದೂ ಬೇಡ. ಪವರ್ ಕಟ್ಟೇ ನಿಮ್ಮ ತಲೆನೋವಾಗಿದ್ರೆ ಮೊದಲು ಒಂದು ಒಳ್ಳೇ ಯುಪಿಎಸ್ ತಗೊಳ್ಳಿ. ನಾನೂ ಇದೇ ಪ್ರಶ್ನೆ ಕೇಳ್ಕೊಂಡು ಅಲೆದವನು, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳ್ತಿದ್ದೀನಿ.

ನಮ್ಮದು ತೀರ್ಥಹಳ್ಳಿ ಕಡೆ. ಗಾಳಿ ಎದ್ರೆ ಎಲ್ಲೋ ಒಂದು ಕೊಂಬೆ ಲೈನ್ ಮೇಲೆ ಬಿತ್ತು ಅಂತಲೇ ಲೆಕ್ಕ. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂತಲ್ಲ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಅಂತ, ಆಗ ತಲೆಯಲ್ಲಿ ಹುಳ ಹೊಕ್ತು. ಹಾಕೋಕೆ ಬಂದವನನ್ನ ಏನೇನು ಕೇಳಿದೆ ಗೊತ್ತಾ? ಪ್ಯಾನೆಲ್ ಯಾವ ಕಂಪನಿ, ವಾರಂಟಿ ಎಷ್ಟು ವರ್ಷ, ಸ್ಟ್ಯಾಂಡ್ ತುಕ್ಕು ಹಿಡಿಯುತ್ತಾ, ಎಲ್ಲ ಕೇಳಿದೆ. ಕರೆಂಟ್ ಹೋದಾಗ ಏನಾಗುತ್ತೆ ಅಂತ ಮಾತ್ರ ಕೇಳಲಿಲ್ಲ. ಅವನು "ಇನ್ಮೇಲೆ ಕರೆಂಟಿನ ಚಿಂತೆ ಬಿಡಿ ಸಾರ್" ಅಂದ. ಅವನು ಹೇಳಿದ್ದು ಬಿಲ್ಲಿನ ಚಿಂತೆ. ನಾನು ಬೇರೇನೋ ತಿಳ್ಕೊಂಡು, ಮನೇಲಿದ್ದ ಯುಪಿಎಸ್ಸನ್ನೂ ಬ್ಯಾಟರಿ ಸಮೇತ ಭಾವನಿಗೆ ಕೊಟ್ಟುಬಿಟ್ಟೆ.

ಏಪ್ರಿಲ್‌ನ ಒಂದು ಮಟಮಟ ಮಧ್ಯಾಹ್ನ, ನೆಂಟರು ಬಂದಿದ್ದಾರೆ, ಅಮ್ಮ ಮಿಕ್ಸಿಗೆ ಕಾಯಿ ಹಾಕಿದ್ದಾರೆ, ಕರೆಂಟ್ ಹೋಯ್ತು. ಫ್ಯಾನೂ ನಿಂತಿತು. ತಾರಸಿಗೆ ಹೋಗಿ ನೋಡಿದ್ರೆ ಪ್ಯಾನೆಲ್ ಮುಟ್ಟೋಕಾಗದಷ್ಟು ಕಾದಿದೆ, ಕೆಳಗೆ ಪ್ಯಾನೆಲ್ ಕರೆಂಟನ್ನ ಮನೆ ಕರೆಂಟಾಗಿ ಬದಲಿಸೋ ಇನ್ವರ್ಟರ್ ಕೆಂಪು ದೀಪ ಹಚ್ಕೊಂಡು ಸುಮ್ಮನೆ ಕೂತಿದೆ. ಫೋನ್ ಮಾಡಿದ್ರೆ "ಲೈನಲ್ಲಿ ಕರೆಂಟ್ ಇಲ್ಲಾಂದ್ರೆ ಇದೂ ಇಲ್ಲ ಸಾರ್, ಆನ್‌ಗ್ರಿಡ್ ಅಲ್ವಾ?" ಅಂತಾನೆ!

ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಇದನ್ನ ಬಿಡಿಸಿ ಹೇಳಲೇಬೇಕು. ಆನ್‌ಗ್ರಿಡ್ ಇನ್ವರ್ಟರ್, ಅಂದ್ರೆ ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸಿರೋದು, ತಾನಾಗಿ ನಡೆಯೋದಲ್ಲ. ಲೈನಿನ ವೋಲ್ಟೇಜು, 50 ಹರ್ಟ್ಸ್ ತಾಳ ಎರಡನ್ನೂ ನೋಡ್ಕೊಂಡು, ಅದಕ್ಕೆ ಹೊಂದಿಸಿ ಕರೆಂಟ್ ಬಿಡುತ್ತೆ. ತಾಳ ನಿಂತ್ರೆ ತಾನೂ ನಿಲ್ಲುತ್ತೆ. ಇದು ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿರೋದು. ಲೈನ್ ಆಫ್ ಆಗಿದೆ ಅಂತ ಲೈನ್‌ಮ್ಯಾನ್ ಕಂಬ ಹತ್ತಿರ್ತಾನೆ. ಆಗ ನಮ್ಮನೆ 230 ವೋಲ್ಟ್ ಹೊರಗೆ ಹೋಗಿ ಟ್ರಾನ್ಸ್‌ಫಾರ್ಮರಿಗೆ ಉಲ್ಟಾ ನುಗ್ಗಿದ್ರೆ ಆಚೆ ಬದಿ 11,000 ವೋಲ್ಟ್ ಆಗುತ್ತೆ. ಅವನ ಜೀವಕ್ಕೆ ಯಾರು ಹೊಣೆ? ಅದು ಗೊತ್ತಾದ ಮೇಲೆ ನನ್ನ ಸಿಟ್ಟು ಇಳೀತು, ಖರ್ಚು ಇಳೀಲಿಲ್ಲ. ಲೈನ್ ಹೋದ್ರೂ ಬ್ಯಾಟರಿ ಇಟ್ಕೊಂಡು ಮನೆಗೆ ಕರೆಂಟ್ ಕೊಡೋ ಹೈಬ್ರಿಡ್ ಇನ್ವರ್ಟರ್, ಅದರ ಬ್ಯಾಟರಿಗೆ ಕೇಳಿದ ರೇಟು ಬಂದ ಸಬ್ಸಿಡಿಯನ್ನೂ ಮೀರಿತ್ತು. ಭಾವನ ಹತ್ರ ವಾಪಸ್ ಕೇಳೋಕೆ ಬಾಯಿ ಬರದೆ, ಕೊನೆಗೆ ಹೊಸ ಯುಪಿಎಸ್ ತಂದೆ.

ಮಲೆನಾಡಿನವರಾದ್ರೆ ಇನ್ನೊಂದು ಮಾತು. ಕರೆಂಟ್ ಹೆಚ್ಚು ಹೋಗೋದು ಜೂನ್‌ನಿಂದ ಆಗಸ್ಟ್‌ವರೆಗೆ, ಪ್ಯಾನೆಲ್ ಮಲಗೋದೂ ಆವಾಗಲೇ. ಒಳ್ಳೇ ಬಿಸಿಲಲ್ಲಿ 3 ಕಿಲೋವ್ಯಾಟ್‌ಗೆ ದಿನಕ್ಕೆ 12 ಯೂನಿಟ್ ಆಸುಪಾಸು ಬರುತ್ತೆ, ಜಡಿಮಳೆ ಹಿಡಿದ್ರೆ ಅದರ ಅರ್ಧಾನೂ ನೆಚ್ಕೋಬೇಡಿ.

ಹಾಗಂತ ಸೋಲಾರ್ ದಂಡ ಅಂತ ಅಲ್ಲ. ನಮ್ಮನೇಲಿ ಮೋಟರ್ ಈಗ ಬೆಳಗಿನ ಜಾವದ ಬದಲು ಹನ್ನೊಂದು ಗಂಟೆಗೆ, ಸ್ಕೂಟರ್ ಚಾರ್ಜ್ ಹಗಲಲ್ಲೇ. ಗ್ಯಾಸ್ ಬಿಟ್ಟು ಬೇರೆ ಒಲೆ ಮುಟ್ಟಲ್ಲ ಅಂತಿದ್ದ ಅಮ್ಮ ಬಿಸಿಲಿದ್ದ ದಿನ ಇಂಡಕ್ಷನ್ ಮೇಲೆ ಅನ್ನಕ್ಕಿಡ್ತಾರೆ. ಬಿಲ್ ಜಾಸ್ತಿ ಬರೋ ಮನೆಗೆ ಖಂಡಿತ ಹಾಕಿಸಿ. ಆದ್ರೆ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಈಗಾಗಲೇ ಸೊನ್ನೆ ಬರ್ತಿದ್ರೆ ಉಳಿಸೋದಾದ್ರೂ ಏನನ್ನ?

ಇಷ್ಟಾದ್ರೂ ಹಾಕಿಸ್ತೀನಿ ಅಂತೀರಾ, ಕೊಟೇಶನ್‌ನಲ್ಲಿ "ಲೈನ್ ಆಫ್ ಇದ್ದಾಗ ಮನೆಗೆ ಎಷ್ಟು ವ್ಯಾಟ್, ಎಷ್ಟು ಹೊತ್ತು" ಅಂತ ಬರೆಸ್ಕೊಂಡು ಸೀಲ್ ಹಾಕಿಸ್ಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದ್ರೆ ಅಡ್ವಾನ್ಸ್ ಕೊಡಬೇಡಿ.