ಕ್ರೀಡಾ ಆರೋಗ್ಯ ಪ್ರಶ್ನೋತ್ತರ: ಕರಾಟೆ, ಕುಸ್ತಿ, ಜೂಡೊ ಅಭ್ಯಾಸದಲ್ಲಿ ಕೀಲಿಗೆ ಪೆಟ್ಟಾದಾಗ

ಪ್ರಶ್ನೆ: ನನಗೆ 36 ವರ್ಷ. ಹಲವು ವರ್ಷಗಳಿಂದ ಕರಾಟೆ ಅಭ್ಯಾಸ ಮಾಡುತ್ತಿದ್ದೇನೆ. ಬಲಗಾಲಿನ ಹಿಮ್ಮಡಿಗಿಂತ ಸ್ವಲ್ಪ ಮೇಲೆ ನೋವಿದೆ. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳು ಬಹಳ ಕಷ್ಟ, ಓಡಾಡಿದ ಮೇಲೆ ಸಡಿಲವಾಗುತ್ತದೆ. ಒಂದು ತಿಂಗಳು ಪೂರ್ತಿ ವಿಶ್ರಾಂತಿ ಪಡೆದಾಗ ನೋವು ಹೋಯಿತು, ತರಗತಿಗೆ ಮರಳಿದ ಕೂಡಲೇ ಮತ್ತೆ ಬಂದಿತು. ಕರಾಟೆ ಬಿಟ್ಟುಬಿಡಬೇಕೇ?
— ಓದುಗರು, ತುಮಕೂರು

ಉತ್ತರ: ಬಿಡಬೇಕಾಗಿಲ್ಲ. ನೀವು ವಿವರಿಸಿದ ಲಕ್ಷಣಗಳು ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಜೋಡಿಸುವ ಅಕಿಲೀಸ್ ಟೆಂಡನ್ ದಣಿದಿರುವುದನ್ನು ಸೂಚಿಸುತ್ತವೆ. ಕುಮಿತೆಯಲ್ಲಿ, ಅಂದರೆ ಎದುರಾಳಿಯೊಂದಿಗೆ ಸೆಣಸುವ ಅಭ್ಯಾಸದಲ್ಲಿ, ಮುಂಗಾಲಿನ ಮೇಲೆ ಸದಾ ಪುಟಿಯುತ್ತಿರುವವರಲ್ಲಿ, ಅದರಲ್ಲೂ ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ಅಭ್ಯಾಸ ಮಾಡುವವರಲ್ಲಿ, ಈ ತೊಂದರೆ ಅಪರೂಪವಲ್ಲ. ಟೆಂಡನ್‌ಗೆ ಮಾಂಸಖಂಡದಷ್ಟು ರಕ್ತಸಂಚಾರವಿಲ್ಲದ ಕಾರಣ ಅದು ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಜೊತೆಗೆ, ಭಾರ ಬಿದ್ದಾಗ ಮಾತ್ರ ಅದರ ಎಳೆಗಳು ಬಲಗೊಳ್ಳುತ್ತವೆ. ವಿಶ್ರಾಂತಿಯಲ್ಲಿ ನಿಮ್ಮ ನೋವು ಇಳಿಯಿತು ನಿಜ, ಆದರೆ ಅದೇ ತಿಂಗಳಲ್ಲಿ ಟೆಂಡನ್ ಇನ್ನಷ್ಟು ದುರ್ಬಲವಾಯಿತು. ಆಮೇಲೆ ನೀವು ಹಿಂದಿನ ಪ್ರಮಾಣದ ಅಭ್ಯಾಸಕ್ಕೇ ನೇರವಾಗಿ ಮರಳಿದ್ದರಿಂದ ಅದು ತಾಳಿಕೊಳ್ಳಲಿಲ್ಲ.

ಸ್ವೀಡನ್ನಿನ ಮೂಳೆತಜ್ಞ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲನ್ನು ಊರಿ, ಎರಡೂ ಕಾಲುಗಳಿಂದ ಮೇಲೇರಿ, ನೋವಿರುವ ಕಾಲೊಂದರ ಮೇಲೆ ಮಾತ್ರ ಭಾರ ಹಾಕಿ ಹಿಮ್ಮಡಿಯನ್ನು ಬಹಳ ನಿಧಾನವಾಗಿ ಕೆಳಗಿಳಿಸಬೇಕು. ಮಂಡಿ ನೇರವಾಗಿಟ್ಟು 15ರಂತೆ ಮೂರು ಸುತ್ತು, ಮಂಡಿ ತುಸು ಬಗ್ಗಿಸಿ ಮತ್ತೆ ಮೂರು ಸುತ್ತು, ದಿನಕ್ಕೆ ಎರಡು ಬಾರಿ, 12 ವಾರಗಳ ಕಾಲ ಎಂಬುದು ಅವರ ಕ್ರಮ. ಮೊದಲ ದಿನವೇ ಇಷ್ಟನ್ನೂ ಮಾಡುವ ಅಗತ್ಯವಿಲ್ಲ. ತಾಳಿಕೊಳ್ಳಬಹುದಾದಷ್ಟು ನೋವಿದ್ದರೆ ಹೆದರಬೇಡಿ. ಮರುದಿನ ಬೆಳಿಗ್ಗೆಯ ಬಿಗಿತ ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಮಾತ್ರ ಪ್ರಮಾಣವನ್ನು ಇಳಿಸಿ. ನೋವು ಹಿಮ್ಮಡಿಯ ಮೂಳೆಗೇ ಅಂಟಿಕೊಂಡಂತೆ ತೀರ ಕೆಳಗಿದ್ದರೆ, ಮೆಟ್ಟಿಲಿನ ಬದಲು ಸಮತಟ್ಟಾದ ನೆಲದ ಮೇಲೆಯೇ ಈ ವ್ಯಾಯಾಮ ಮಾಡಬೇಕು, ಏಕೆಂದರೆ ಹಿಮ್ಮಡಿ ಕೆಳಗೆ ಜಾರಿದಾಗ ಟೆಂಡನ್ ಮೂಳೆಗೆ ಒತ್ತಿಕೊಳ್ಳುತ್ತದೆ.

ಈ ಅವಧಿಯಲ್ಲಿ ಕತಾಗಳನ್ನು (ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ) ನಿಧಾನಗತಿಯಲ್ಲಿ ಮಾಡಬಹುದು, ಕೈಗಳ ಅಭ್ಯಾಸವನ್ನು ಎಂದಿನಂತೆ ಮುಂದುವರಿಸಬಹುದು. ಜಿಗಿತ ಮತ್ತು ಕುಮಿತೆ ಕೊನೆಗೆ ಬರಲಿ. ಇದನ್ನು ನಿಮ್ಮ ಸೆನ್ಸೈಗೆ (ಗುರುಗಳಿಗೆ) ಮೊದಲೇ ತಿಳಿಸಿಬಿಡಿ, ತರಗತಿಯ ಹುರುಪಿನಲ್ಲಿ ಲೆಕ್ಕ ತಪ್ಪುವುದು ಸುಲಭ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಿಪ್ರೊಫ್ಲಾಕ್ಸಾಸಿನ್ ಮತ್ತು ಅದರ ಗುಂಪಿಗೆ ಸೇರಿದ ಆ್ಯಂಟಿಬಯಾಟಿಕ್‌ಗಳು ಟೆಂಡನ್ ಹರಿಯುವ ಅಪಾಯವನ್ನು ಹೆಚ್ಚಿಸುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಈ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿದೆ. ಜ್ವರಕ್ಕೋ ಹೊಟ್ಟೆ ಕೆಟ್ಟಿದ್ದಕ್ಕೋ ಮೆಡಿಕಲ್ ಶಾಪಿನಲ್ಲಿ ಕೇಳಿ ಇಂಥ ಮಾತ್ರೆ ನುಂಗುವ ಅಭ್ಯಾಸ ನಮ್ಮಲ್ಲಿರುವುದರಿಂದ, ವೈದ್ಯರ ಬಳಿ ಹೋದಾಗ ನಿಮ್ಮ ಟೆಂಡನ್ ತೊಂದರೆಯನ್ನು ತಪ್ಪದೆ ಹೇಳಿ. ಎಂದಾದರೂ ಹಿಂದಿನಿಂದ ಯಾರೋ ಒದ್ದಂತೆ ಭಾಸವಾಗಿ, ಆ ಕಾಲಿನ ತುದಿಬೆರಳುಗಳ ಮೇಲೆ ನಿಲ್ಲಲು ಆಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ, ಗರಡಿಯಲ್ಲಿ ಕುಸ್ತಿ ಕಲಿಯುತ್ತಾನೆ. ಪಟ್ಟು ಹಾಕುವಾಗ ಮಂಡಿ ತಿರುಚಿ ಒಳಗೆ ‘ಟಕ್’ ಎಂದಿತಂತೆ. ಸಂಜೆಯೊಳಗೆ ಮಂಡಿ ಊದಿಕೊಂಡಿತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದರು. ಊರಿನಲ್ಲಿ ಎಣ್ಣೆ ಹಚ್ಚಿ ನೀವಿಸಿ ಕಟ್ಟು ಹಾಕಿಸಿದೆವು, ಊತ ಇಳಿಯಿತು. ಈಗಲೂ ತಟ್ಟನೆ ತಿರುಗಿದರೆ ಮಂಡಿ ಜಾರಿದಂತಾಗುತ್ತದೆ ಎನ್ನುತ್ತಾನೆ. ಬೈಠಕ್ ಹೊಡೆದರೆ ಸರಿಹೋಗುತ್ತದೆ ಎಂದು ಉಸ್ತಾದರು ಹೇಳುತ್ತಾರೆ. ದಸರಾ ಕುಸ್ತಿಗೆ ಇಳಿಸಬಹುದೇ?
— ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಇಳಿಸಬೇಡಿ. ಪೆಟ್ಟಾದ ಗಳಿಗೆಯ ಶಬ್ದ, ಕೆಲವೇ ಗಂಟೆಗಳಲ್ಲಿ ತುಂಬಿಕೊಂಡ ಊತ, ತಿರುಗುವಾಗ ಜಾರುವ ಮಂಡಿ, ಈ ಮೂರೂ ಒಟ್ಟಿಗೆ ಇದ್ದಾಗ ತೊಡೆಮೂಳೆಯನ್ನೂ ಮೊಣಕಾಲ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿದಿರಬಹುದೆಂದು ಬಲವಾಗಿ ಶಂಕಿಸಬೇಕಾಗುತ್ತದೆ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಮೂಳೆತಜ್ಞರು ಕೈಯಿಂದ ಪರೀಕ್ಷಿಸಿ, ಅಗತ್ಯವಿದ್ದರೆ ಎಂಆರ್‌ಐ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಊತ ಇಳಿದದ್ದು ಗುಣವಾದದ್ದರ ಗುರುತಲ್ಲ. ಕಟ್ಟು ಹಾಕದಿದ್ದರೂ ಅದು ಇಳಿಯುತ್ತಿತ್ತು. ಮಂಡಿ ಪ್ರತಿ ಸಲ ಜಾರಿದಾಗಲೂ ಮೂಳೆಗಳ ನಡುವಿನ ಮೆತ್ತೆಯಂಥ ಮೆನಿಸ್ಕಸ್ ಹರಿಯುವ ಸಾಧ್ಯತೆ ಇರುತ್ತದೆ. ಹತ್ತೊಂಬತ್ತರ ಹುಡುಗ ನಲವತ್ತಕ್ಕೇ ಮಂಡಿಸವೆತದಿಂದ ನರಳದಿರಲಿ ಎಂಬುದೇ ನನ್ನ ಆತಂಕ.

ಎಸಿಎಲ್ ಹರಿದ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಆದರೆ ಕುಸ್ತಿಯಂತೆ ಕಾಲೂರಿ ಮೈ ತಿರುಗಿಸುವ ಆಟಕ್ಕೆ ಮರಳಬೇಕೆನ್ನುವ ಯುವಕರಿಗೆ ಸಾಮಾನ್ಯವಾಗಿ ಅದನ್ನೇ ಸೂಚಿಸುತ್ತಾರೆ. ಅವರದೇ ದೇಹದ ಟೆಂಡನ್ ತುಂಡೊಂದನ್ನು ತೆಗೆದು ಹೊಸ ಲಿಗಮೆಂಟಾಗಿ ಕೂರಿಸಲಾಗುತ್ತದೆ. ಅದು ಮೂಳೆಯೊಳಗೆ ಬೇರೂರಿ ಬಲ ಪಡೆಯಲು ತಿಂಗಳುಗಳೇ ಬೇಕು. ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಟಕ್ಕೆ ಮರಳುವುದನ್ನು ಒಂಬತ್ತನೇ ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ತಿಂಗಳ ಲೆಕ್ಕವೊಂದೇ ಸಾಲದು. ಆ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಬಲದ ಶೇ 90ನ್ನಾದರೂ ಮುಟ್ಟಿದೆಯೇ ಎಂದು ಫಿಸಿಯೊಥೆರಪಿಸ್ಟ್ ಅಳೆದು ನೋಡಬೇಕು.

ಉಸ್ತಾದರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಬೈಠಕ್ ತೊಡೆಯನ್ನು ಬಲಪಡಿಸುತ್ತದೆ, ಚೇತರಿಕೆಯ ಮುಂದಿನ ಹಂತದಲ್ಲಿ ಅದಕ್ಕೆ ಖಂಡಿತ ಸ್ಥಾನವಿದೆ. ಆದರೆ ಹರಿದ ಎಸಿಎಲ್ಲನ್ನು ಅದು ಮತ್ತೆ ಜೋಡಿಸಲಾರದು. ಮಗನಿಗೆ ಧೈರ್ಯ ಹೇಳುವಾಗ ವಿನೇಶ್ ಫೋಗಟ್ ಅವರನ್ನು ನೆನಪಿಸಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಂಡಿಗೆ ಪೆಟ್ಟಾಗಿ ಸ್ಟ್ರೆಚರ್ ಮೇಲೆ ಹೊರಹೋದ ಅವರು, ಶಸ್ತ್ರಚಿಕಿತ್ಸೆ ಮತ್ತು ದೀರ್ಘ ಚೇತರಿಕೆಯ ನಂತರ 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ದಸರಾ ಕುಸ್ತಿ ಮುಂದಿನ ವರ್ಷವೂ ಇರುತ್ತದೆ.

ಪ್ರಶ್ನೆ: ಜೂಡೊ ಅಭ್ಯಾಸದಿಂದ ಮೊಣಕೈಯ ಹೊರಬದಿಯಲ್ಲಿ ನೋವು ಬಂದಿದೆ. ಸ್ಟಿರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡರೆ ಬೇಗ ಗುಣವಾಗುವುದೇ?
— ಓದುಗರು, ಬೆಳಗಾವಿ

ಉತ್ತರ: ನೋವು ಬೇಗ ಕಡಿಮೆಯಾಗುತ್ತದೆ, ಆದರೆ ಆ ಉಪಶಮನ ಉಳಿಯುವುದು ಕೆಲವೇ ವಾರ. ಈ ತೊಂದರೆಯ ಬಗ್ಗೆ ನಡೆದ ಅಧ್ಯಯನಗಳಲ್ಲಿ, ಚುಚ್ಚುಮದ್ದು ಪಡೆದವರು ಆರು ವಾರಗಳ ಹೊತ್ತಿಗೆ ಉಳಿದವರಿಗಿಂತ ಮುಂದಿದ್ದರೂ, ತಿಂಗಳುಗಳು ಕಳೆದ ಮೇಲೆ ಏನೂ ಮಾಡದೆ ಕಾದವರಿಗಿಂತಲೂ ಹಿಂದೆ ಬಿದ್ದದ್ದು ಕಂಡುಬಂದಿದೆ. ಆದ್ದರಿಂದ ನಾನು ಅದನ್ನು ಸಲಹೆ ಮಾಡುವುದಿಲ್ಲ. ಎದುರಾಳಿಯ ಜೂಡೊ ಉಡುಪನ್ನು ಬಿಗಿಯಾಗಿ ಹಿಡಿದೆಳೆಯುವ ಅಭ್ಯಾಸವನ್ನು ಸದ್ಯಕ್ಕೆ ಕಡಿಮೆ ಮಾಡಿ, ಬೀಳುವ ಅಭ್ಯಾಸ ಮತ್ತು ಕಾಲ್ಚಲನೆಗೆ ಸಮಯ ಕೊಡಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿರುವಂತೆ ಒಂದು ಲೀಟರ್ ನೀರಿನ ಬಾಟಲಿ ಹಿಡಿದು, ಮಣಿಕಟ್ಟನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮವನ್ನು ದಿನ ಬಿಟ್ಟು ದಿನ ಮಾಡಿ. ಒಂದು ಲೀಟರ್ ಭಾರವೆನಿಸಿದರೆ ಅರ್ಧ ಲೀಟರಿನಿಂದ ಆರಂಭಿಸಿ. ಮೂರು ತಿಂಗಳಾದರೂ ಸುಧಾರಣೆ ಕಾಣದಿದ್ದರೆ, ಅಥವಾ ಬೆರಳುಗಳಲ್ಲಿ ಜೋಮು ಹಿಡಿದರೆ, ಮೂಳೆತಜ್ಞರನ್ನು ಕಾಣಿ.