ಗೋದಾಮಿನ ಸೆನ್ಸರ್‌ಗೆ ಪ್ರಿ-ಶೇರ್ಡ್ ಕೀ ಸಾಕೇ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮ ದಾಲ್‌ಮಿಲ್ ಇದೆ. ತೊಗರಿ ಗೋದಾಮಿನ ಉಷ್ಣತೆ, ತೇವಾಂಶ ನೋಡಲು ಇಎಸ್‌ಪಿ32 ಎಂಬ ವೈಫೈ ಇರುವ 12 ಸಣ್ಣ ಬೋರ್ಡ್ ಕೂಡಿಸಿದ್ದೇವೆ. ಎಲ್ಲವೂ ಆಫೀಸಿನ ಮಸ್ಕಿಟೊ ಬ್ರೋಕರ್‌ಗೆ, ಅಂದರೆ ಸಂದೇಶ ಪಡೆದು ಹಂಚುವ ಸಾಫ್ಟ್‌ವೇರ್‌ಗೆ, ಮಾಹಿತಿ ಕಳಿಸುತ್ತವೆ. ಗುರುತು ಖಚಿತಪಡಿಸಲು ಸರ್ಟಿಫಿಕೇಟ್ ಹಾಕಿದ್ದೇವೆ, ಆದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಅರ್ಧ ಬೋರ್ಡ್ ಕನೆಕ್ಟೇ ಆಗುವುದಿಲ್ಲ. ‘ಪ್ರಿ-ಶೇರ್ಡ್ ಕೀ ಹಾಕ್ರಿ, ಈ ಕಿರಿಕಿರಿ ಇರಂಗಿಲ್ಲ’ ಅಂತ ಒಬ್ಬರು ಹೇಳಿದರು. ಅದು ಸುರಕ್ಷಿತ ಏನ್ರಿ?

ಉತ್ತರ: ಸುರಕ್ಷಿತವೇ. ಆದರೆ ಎರಡು ಷರತ್ತು ಬಿಡುವಂತಿಲ್ಲ: ಕೀಲಿಯನ್ನು ಯಂತ್ರವೇ ಹುಟ್ಟಿಸಬೇಕು, ಮನುಷ್ಯ ಯೋಚಿಸಿ ಇಡಬಾರದು, ಒಂದು ಬೋರ್ಡಿಗೆ ಒಂದೇ ಕೀಲಿ, 12 ಬೋರ್ಡಿಗೆ 12 ಕೀಲಿ.

ಮೊದಲು ನಿಮ್ಮ ಈಗಿನ ತೊಂದರೆಯ ಕಾರಣ. ಇಎಸ್‌ಪಿ32ಕ್ಕೆ ಬ್ಯಾಟರಿ ಇರುವ ಗಡಿಯಾರವಿಲ್ಲ. ಕರೆಂಟ್ ಬಂದ ಕೂಡಲೇ ಅದರ ಲೆಕ್ಕದಲ್ಲಿ ದಿನಾಂಕ 1 ಜನವರಿ 1970. ಇಂಟರ್ನೆಟ್‌ನಿಂದ ಸಮಯ ಸಿಗುವವರೆಗೆ ನಿಮ್ಮ ಸರ್ಟಿಫಿಕೇಟ್ ಅದರ ಕಣ್ಣಿಗೆ ಇನ್ನೂ ಜಾರಿಗೇ ಬಂದಿಲ್ಲ. ರೌಟರ್ ಏಳುವುದಕ್ಕೆ ಬೋರ್ಡಿಗಿಂತ ಹೆಚ್ಚು ಹೊತ್ತು ಬೇಕು. ಬೋರ್ಡ್ ಒಂದೇ ಸಲ ಸಮಯ ಕೇಳಿ ಸುಮ್ಮನಾಗುವಂತೆ ಪ್ರೋಗ್ರಾಂ ಬರೆದಿದ್ದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಈ ಬೋರ್ಡಿಗೆ ಪ್ರೋಗ್ರಾಂ ಬರೆಯುವ ಸಾಧನವಾದ ಇಎಸ್‌ಪಿ-ಐಡಿಎಫ್‌ನಲ್ಲಿ ದಿನಾಂಕದ ಪರೀಕ್ಷೆ ತಾನಾಗಿ ಚಾಲೂ ಇರುವುದಿಲ್ಲ, ನಾವೇ ಆರಿಸಿಕೊಳ್ಳಬೇಕು. ನಿಮ್ಮ ಪ್ರೋಗ್ರಾಂ ಬರೆದವರು ಅದನ್ನು ಆರಿಸಿದ್ದು ಸರಿಯಾದ ಕೆಲಸ. ಇಲ್ಲದಿದ್ದರೆ ಅವಧಿ ಮುಗಿದ ಸರ್ಟಿಫಿಕೇಟನ್ನೂ ಬೋರ್ಡ್ ಒಪ್ಪಿಬಿಡುತ್ತಿತ್ತು. ಕಿರಿಕಿರಿ ತಪ್ಪಿಸಲು ಆ ಪರೀಕ್ಷೆಯನ್ನೇ ತೆಗೆದುಹಾಕಬೇಡಿ.

ಪ್ರಿ-ಶೇರ್ಡ್ ಕೀ, ಅಂದರೆ ಪಿಎಸ್‌ಕೆ, ಪದ್ಧತಿಯಲ್ಲಿ ದಿನಾಂಕದ ಮಾತೇ ಇಲ್ಲ. ಬೋರ್ಡ್ ಮತ್ತು ಬ್ರೋಕರ್ ಎರಡರಲ್ಲೂ ಒಂದೇ ಗುಟ್ಟಿನ ಕೀಲಿ ಮೊದಲೇ ಇರುತ್ತದೆ. ಬೋರ್ಡ್ ತನ್ನ ಹೆಸರು, ಅಂದರೆ ಐಡೆಂಟಿಟಿ, ಹೇಳುತ್ತದೆ. ಬ್ರೋಕರ್ ಆ ಹೆಸರಿನ ಕೀಲಿ ತೆಗೆದು ತಾಳೆ ನೋಡುತ್ತದೆ. ಕೀಲಿ ಇಬ್ಬರ ಬಳಿಯೂ ಇದೆ ಎಂದು ಸಾಬೀತಾದರೆ ಎರಡೂ ಕಡೆ ಗುರುತು ಖಚಿತ. ಬೋರ್ಡಿಗೆ ಬೇರೆ ಕ್ಲೈಂಟ್ ಸರ್ಟಿಫಿಕೇಟ್ ಬೇಕಿಲ್ಲ. ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಟಿಎಲ್‌ಎಸ್‌ನಲ್ಲಿ ಇದು 2005ರ ಆರ್‌ಎಫ್‌ಸಿ 4279 ಎಂಬ ಮಾನದಂಡದ ದಾಖಲೆಯಿಂದಲೂ ಇರುವ ಪದ್ಧತಿ.

ಕೀಲಿ ಮಾಡುವುದು ಹೀಗೆ. ಎನ್‌ಕ್ರಿಪ್ಶನ್ ಸಾಧನ ಓಪನ್‌ಎಸ್‌ಎಸ್‌ಎಲ್‌ನ ‘ರ‍್ಯಾಂಡ್’ ಆದೇಶಕ್ಕೆ ‘ಹೆಕ್ಸ್’ ಆಯ್ಕೆ ಮತ್ತು 32 ಎಂಬ ಸಂಖ್ಯೆ ಕೊಡಿ. 64 ಹೆಕ್ಸ್ ಅಕ್ಷರ (0-9, ಎ-ಎಫ್), ಅಂದರೆ 32 ಬೈಟ್, ಬರುತ್ತದೆ. 12 ಸಲ ಓಡಿಸಿ 12 ಕೀಲಿ ಮಾಡಿ. ಕನಿಷ್ಠ 16 ಬೈಟ್ ಇರಲೇಬೇಕು, ಆದರೆ 32ಕ್ಕಿಂತ ಉದ್ದ ಮಾಡಲು ಹೋಗಬೇಡಿ. ಇಎಸ್‌ಪಿ32ರೊಳಗಿನ ಟಿಎಲ್‌ಎಸ್ ಲೈಬ್ರರಿ ಎಂಬೆಡ್‌ಟಿಎಲ್‌ಎಸ್‌ನ ಹಲವು ಆವೃತ್ತಿಗಳಲ್ಲಿ ಕೀಲಿಯ ಮಿತಿ 32 ಬೈಟ್.

‘ಶರಣಬಸವ123’ ಎಂಬಂಥದ್ದು ಏಕೆ ಬೇಡ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ತಿಳಿದವರೂ ಇಲ್ಲಿಯೇ ಎಡವುತ್ತಾರೆ. ವೈಫೈ ಪಾಸ್‌ವರ್ಡನ್ನು ಡಬ್ಲ್ಯೂಪಿಎ2 ನೇರವಾಗಿ ಬಳಸುವುದಿಲ್ಲ, 4096 ಸುತ್ತು ಅರೆದು ಕೀಲಿ ಮಾಡುತ್ತದೆ. ಟಿಎಲ್‌ಎಸ್ ಪಿಎಸ್‌ಕೆಯಲ್ಲಿ ಅಂಥ ಅರೆಯುವಿಕೆ ಇಲ್ಲ, ಕೊಟ್ಟದ್ದೇ ಕೀಲಿ. ಟಿಎಲ್‌ಎಸ್ 1.3ರಲ್ಲಿ ಬೋರ್ಡ್ ಕಳಿಸುವ ಮೊದಲ ಸಂದೇಶದಲ್ಲೇ ‘ಬೈಂಡರ್’ ಎಂಬ ಪುರಾವೆ ಇರುತ್ತದೆ. ಅದನ್ನು ಸುಮ್ಮನೆ ಹಿಡಿದಿಟ್ಟುಕೊಂಡವನು ಮನೆಯಲ್ಲಿ ಕುಳಿತು ಊಹೆಯ ಪದಗಳನ್ನು ಒಂದೊಂದಾಗಿ ತಾಳೆ ನೋಡಬಹುದು, ನಿಮ್ಮ ಬ್ರೋಕರ್‌ಗೆ ಸುಳಿವೂ ಸಿಗುವುದಿಲ್ಲ. 32 ಬೈಟಿನ ಯಾದೃಚ್ಛಿಕ ಕೀಲಿಗೆ ಈ ಭಯ ಇಲ್ಲ.

ಇನ್ನು, 12 ಬೋರ್ಡಿಗೂ ಒಂದೇ ಕೀಲಿ ಹಾಕಿದರೆ? ಕೀಲಿ ಇದ್ದವರು ಯಾರ ವೇಷವನ್ನಾದರೂ ಹಾಕಬಹುದು. ಒಂದು ಬೋರ್ಡ್ ಕಳುವಾಗಿ ಅದರ ಫ್ಲಾಶ್ ಮೆಮೊರಿ ಓದಿದರೆ, ಕದ್ದವನು ಉಳಿದ 11 ಬೋರ್ಡಿಗೆ ತಾನೇ ಬ್ರೋಕರ್ ಎಂದು ನಂಬಿಸಬಹುದು. ಫ್ಲಾಶ್ ಎನ್‌ಕ್ರಿಪ್ಶನ್ ಚಾಲೂ ಮಾಡದ ಇಎಸ್‌ಪಿ32 ಅನ್ನು ಯುಎಸ್‌ಬಿ ಕೇಬಲ್ ಹಾಕಿಯೇ ಓದಬಹುದು. ಪ್ರತಿಯೊಂದಕ್ಕೂ ಬೇರೆ ಕೀಲಿ ಇದ್ದರೆ ಬ್ರೋಕರ್ ಕಡತದ ಒಂದು ಸಾಲು ಅಳಿಸಿದರೆ ಮುಗಿಯಿತು.

ಬ್ರೋಕರ್ ಕಡೆ: ಮಸ್ಕಿಟೊದ ಸೆಟ್ಟಿಂಗ್ ಕಡತದಲ್ಲಿ 8883 ಪೋರ್ಟಿನ ಲಿಸನರ್‌ಗೆ ‘ಪಿಎಸ್‌ಕೆ ಹಿಂಟ್’ ಕೊಡಿ, ಅದನ್ನು ಕೊಟ್ಟಾಗಲೇ ಪಿಎಸ್‌ಕೆ ಚಾಲೂ ಆಗುವುದು. ‘ಪಿಎಸ್‌ಕೆ ಫೈಲ್’ನಲ್ಲಿ ಸಾಲಿಗೊಂದು ಐಡೆಂಟಿಟಿ, ನಡುವೆ ಕೋಲನ್, ಆಮೇಲೆ ಹೆಕ್ಸ್ ಕೀಲಿ. ಕೀಲಿಯ ಮುಂದೆ ಸೊನ್ನೆ-ಎಕ್ಸ್ ಹಾಕಬಾರದು. ಆ ಕಡತವನ್ನು ಬ್ರೋಕರ್ ಓಡುವ ಖಾತೆ ಬಿಟ್ಟು ಬೇರೆ ಯಾರೂ ಓದುವಂತಿರಬಾರದು. ‘ಐಡೆಂಟಿಟಿಯನ್ನೇ ಯೂಸರ್‌ನೇಮ್ ಮಾಡು’ ಎಂಬ ಆಯ್ಕೆಯನ್ನು ಮರೆಯದೆ ಹಾಕಿ. ಮಸ್ಕಿಟೊ 2.0ರಿಂದ ಹೆಸರಿಲ್ಲದವರಿಗೆ ಪ್ರವೇಶವಿಲ್ಲ. ಈ ಆಯ್ಕೆ ಬಿಟ್ಟರೆ ಎನ್‌ಕ್ರಿಪ್ಶನ್ ಕೂಡಿಕೊಂಡರೂ ‘ಅನುಮತಿ ಇಲ್ಲ’ ಎಂದು ಹೊರಗಟ್ಟುತ್ತದೆ, ಜನ ಕೀಲಿಯನ್ನು ದೂರುತ್ತ ಕೂರುತ್ತಾರೆ. ಈ ಆಯ್ಕೆಯಿಂದ ಇನ್ನೊಂದು ಲಾಭ: 3ನೇ ಗೋದಾಮಿನ ಬೋರ್ಡ್ 3ನೇ ಗೋದಾಮಿನ ಟಾಪಿಕ್‌ಗೆ (ಸಂದೇಶದ ಖಾನೆಗೆ) ಮಾತ್ರ ಬರೆಯಲಿ ಎಂದು ಎಸಿಎಲ್, ಅಂದರೆ ಅನುಮತಿ ಪಟ್ಟಿಯ, ಕಡತದಲ್ಲಿ ಕಟ್ಟಿಹಾಕಬಹುದು.

ಬೋರ್ಡ್ ಕಡೆ ಇಎಸ್‌ಪಿ-ಐಡಿಎಫ್‌ನ ಸೆಟ್ಟಿಂಗ್ ಪಟ್ಟಿಯಾದ ಮೆನುಕಾನ್ಫಿಗ್‌ನಲ್ಲಿ ಪಿಎಸ್‌ಕೆ ಆಯ್ಕೆಯನ್ನೂ ಇಸಿಡಿಎಚ್‌ಇ-ಪಿಎಸ್‌ಕೆಯನ್ನೂ ಆನ್ ಮಾಡಿ. ಬರೀ ಪಿಎಸ್‌ಕೆ ಸೈಫರ್ (ಎನ್‌ಕ್ರಿಪ್ಶನ್ ವಿಧಾನ) ಬೇಡ. ಬರೀ ಪಿಎಸ್‌ಕೆ ಆದರೆ, ಇಂದು ಸಂಚಾರವನ್ನು ರೆಕಾರ್ಡ್ ಮಾಡಿಟ್ಟವನಿಗೆ ಮುಂದೊಂದು ದಿನ ಕೀಲಿ ಸಿಕ್ಕರೆ ಹಳೆಯದೆಲ್ಲ ಬಯಲಾಗುತ್ತದೆ. ಇಸಿಡಿಎಚ್‌ಇ ಸೇರಿದರೆ ಪ್ರತಿ ಸಂಪರ್ಕಕ್ಕೂ ಹೊಸ ಗುಟ್ಟು ಹುಟ್ಟುತ್ತದೆ, ಹಳೆಯ ರೆಕಾರ್ಡ್ ಉಪಯೋಗಕ್ಕೆ ಬರುವುದಿಲ್ಲ. ಟಿಎಲ್‌ಎಸ್ 1.2ರಲ್ಲಿ ಓಪನ್‌ಎಸ್‌ಎಸ್‌ಎಲ್, ಎಂಬೆಡ್‌ಟಿಎಲ್‌ಎಸ್ ಎರಡೂ ಒಪ್ಪುವ ‘ಇಸಿಡಿಎಚ್‌ಇ-ಪಿಎಸ್‌ಕೆ-ಚಾಚಾ20-ಪಾಲಿ1305’ ಇಡಿ.

ವೇಬ್ರಿಡ್ಜ್ ಕಂಪ್ಯೂಟರಿನ ಹಳೆಯ ಸಾಫ್ಟ್‌ವೇರ್‌ಗೆ ಟಿಎಲ್‌ಎಸ್ ಬರದಿದ್ದರೆ ಅದರ ಮುಂದೆ ಟಿಎಲ್‌ಎಸ್ ಸುರಂಗ ಮಾಡಿಕೊಡುವ ಎಸ್‌ಟನಲ್ ಇಟ್ಟು ಇದೇ ಪದ್ಧತಿ ಬಳಸಬಹುದು. ಅಲ್ಲಿ ‘ಆಕ್ಸೆಪ್ಟ್’ ಸಾಲಿನಲ್ಲಿ 127.0.0.1 (ಅದೇ ಕಂಪ್ಯೂಟರಿನ ವಿಳಾಸ) ಸೇರಿಸಿಯೇ ಪೋರ್ಟ್ ಬರೆಯಿರಿ. ಬರೀ ಪೋರ್ಟ್ ಸಂಖ್ಯೆ ಬರೆದರೆ ಮಿಲ್ಲಿನ ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ಆ ಸುರಂಗದೊಳಗೆ ನುಗ್ಗಬಹುದು.

ಪ್ರಶ್ನೆ: ಬೀದರ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ ಸರ್. ಪೈಥಾನ್ ಕ್ಲೈಂಟ್, ಎಸ್‌ಟನಲ್ ಸರ್ವರ್, ಎರಡರಲ್ಲೂ ಅದೇ ಕೀಲಿ ಕಾಪಿ ಮಾಡಿ ಹಾಕಿದ್ದೇನೆ. ಆದರೂ ಹ್ಯಾಂಡ್‌ಶೇಕ್, ಅಂದರೆ ಸಂಪರ್ಕದ ಆರಂಭದ ಪರಸ್ಪರ ಪರೀಕ್ಷೆ, ಮುರಿಯುತ್ತದೆ.

ಉತ್ತರ: ಕಣ್ಣಿಗೆ ಒಂದೇ ಕೀಲಿ, ಬೈಟ್‌ಗಳಲ್ಲಿ ಬೇರೆ. ಎಸ್‌ಟನಲ್ ತನ್ನ ಕಡತದಲ್ಲಿ ಹೆಕ್ಸ್ ಕಂಡರೆ ತಾನೇ ಬೈನರಿಗೆ ಪರಿವರ್ತಿಸುತ್ತದೆ: 64 ಅಕ್ಷರ 32 ಬೈಟ್ ಆಗುತ್ತದೆ. ಪೈಥಾನ್‌ನಲ್ಲಿ ನೀವು ಅದೇ 64 ಅಕ್ಷರವನ್ನು ‘ಎನ್‌ಕೋಡ್’ ಮಾಡಿ ಕೊಟ್ಟಿದ್ದರೆ ಅದು 64 ಬೈಟಿನ ಬೇರೆಯೇ ಕೀಲಿ. ‘ಬೈಟ್ಸ್.ಫ್ರಂಹೆಕ್ಸ್’ ಬಳಸಿ. ಇದೇ ಎಡವಟ್ಟು ಇಎಸ್‌ಪಿ32ರಲ್ಲೂ ಆಗುತ್ತದೆ: ಆರ್ಡುಯಿನೊ ಲೈಬ್ರರಿ ಹೆಕ್ಸ್ ಅಕ್ಷರಗಳನ್ನೇ ಕೇಳುತ್ತದೆ, ಇಎಸ್‌ಪಿ-ಐಡಿಎಫ್ ಬೈಟ್‌ಗಳ ಸಾಲನ್ನು ಕೇಳುತ್ತದೆ.

ಅದು ಸರಿ ಇದ್ದರೆ ಕಡತದ ಕೊನೆ ನೋಡಿ. ‘ಎಕೋ’ ಆದೇಶದಿಂದ ಬರೆದ ಕೀಲಿಯ ಹಿಂದೆ ಹೊಸಸಾಲಿನ ಒಂದು ಬೈಟ್ ಅಂಟಿರುತ್ತದೆ, ವಿಂಡೋಸ್ ನೋಟ್‌ಪ್ಯಾಡ್‌ನಲ್ಲಿ ಉಳಿಸಿದ್ದರೆ ಸಾಲಿನ ಕೊನೆಗೆ ಎರಡು ಬೈಟ್, ಕೆಲವೊಮ್ಮೆ ಕಡತದ ಮೊದಲಿಗೆ ಕಾಣದ ಮೂರು ಬೈಟ್‌ನ ಗುರುತು. ಬೈಟ್‌ಗಳನ್ನು ತೋರಿಸುವ ‘ಎಕ್ಸ್‌ಎಕ್ಸ್‌ಡಿ’ಯಲ್ಲಿ ತೆರೆದರೆ ಇವೆಲ್ಲ ಎದ್ದು ಕಾಣುತ್ತವೆ. ಐಡೆಂಟಿಟಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಲಾಗ್ ಓದುವುದನ್ನು ರೂಢಿ ಮಾಡಿಕೊಳ್ಳಿ, ಊಹೆಯ ಕೆಲಸ ತಪ್ಪುತ್ತದೆ. ಅಲರ್ಟ್, ಅಂದರೆ ಟಿಎಲ್‌ಎಸ್ ದೋಷದ ಸಂಖ್ಯೆ, 115 ಬಂದರೆ ಐಡೆಂಟಿಟಿ ಸರ್ವರ್‌ಗೆ ಗೊತ್ತಿಲ್ಲ. 40 ಬಂದರೆ ಹೆಚ್ಚಾಗಿ ಇಬ್ಬರಿಗೂ ಒಪ್ಪುವ ಸೈಫರ್ ಸಿಕ್ಕಿಲ್ಲ. ಟಿಎಲ್‌ಎಸ್ 1.2ರಲ್ಲಿ 20 ಅಥವಾ 51 ಬಂದರೆ ಹೆಸರು ಸಿಕ್ಕಿದೆ, ಕೀಲಿ ಹೊಂದಿಲ್ಲ. ಆದರೆ ಕೆಲವು ಸರ್ವರ್‌ಗಳು ಹೆಸರುಗಳ ಗುಟ್ಟು ಬಿಡದಿರಲೆಂದು ಗೊತ್ತಿಲ್ಲದ ಹೆಸರಿಗೂ 51ನ್ನೇ ಕಳಿಸುತ್ತವೆ, ಹಾಗೆ ಕಳಿಸಲು ಆರ್‌ಎಫ್‌ಸಿ 4279ರಲ್ಲಿ ಅವಕಾಶವಿದೆ. 1.3ರಲ್ಲಿ ಕೀಲಿ ಹೊಂದದಿದ್ದರೆ ಓಪನ್‌ಎಸ್‌ಎಸ್‌ಎಲ್ ‘ಬೈಂಡರ್ ಡಸ್ ನಾಟ್ ವೆರಿಫೈ’ ಎನ್ನುತ್ತದೆ.

ಪೈಥಾನ್‌ಗೆ ಪಿಎಸ್‌ಕೆ ಸೌಲಭ್ಯ ಬಂದದ್ದು 2024ರ 3.13ರಲ್ಲಿ, ಅದಕ್ಕಿಂತ ಹಳೆಯದರಲ್ಲಿ ಆ ಫಂಕ್ಷನ್‌ಗಳೇ ಇಲ್ಲ. ಮೊದಲು ಗರಿಷ್ಠ ಆವೃತ್ತಿಯನ್ನು 1.2ಕ್ಕೆ ಕಟ್ಟಿ, ಸೈಫರ್ ಪಟ್ಟಿಯಲ್ಲಿ ಪಿಎಸ್‌ಕೆಯವನ್ನು ಮಾತ್ರ ಇಟ್ಟು ಓಡಿಸಿ. ಅದು ನಡೆದ ಮೇಲೆ 1.3ಕ್ಕೆ ಹೋಗಿ. 1.3ರಲ್ಲಿ ಇಂಥ ಕೀಲಿಯನ್ನು ಶಾ-256 ಎಂಬ ಹ್ಯಾಷ್ ವಿಧಾನದ ಜೊತೆಗೇ ಕಟ್ಟಲಾಗುತ್ತದೆ. ಹಾಗಾಗಿ ‘ಹೆಚ್ಚು ಭದ್ರ’ ಎಂದು ಎಇಎಸ್-256 ಮತ್ತು ಶಾ-384ರ ಸೂಟ್ ಒಂದನ್ನೇ ಬಿಟ್ಟಿದ್ದರೆ ಕೀಲಿ ಸರಿಯಿದ್ದರೂ ಸಂಪರ್ಕ ಆಗದು. ಪೈಥಾನ್‌ನ ತಪ್ಪೋ ಸರ್ವರ್‌ನ ತಪ್ಪೋ ಎಂದು ಬೇರ್ಪಡಿಸಲು ಓಪನ್‌ಎಸ್‌ಎಸ್‌ಎಲ್‌ನ ‘ಎಸ್-ಕ್ಲೈಂಟ್’ ಆದೇಶಕ್ಕೆ ಅದೇ ಕೀಲಿ, ಅದೇ ಐಡೆಂಟಿಟಿ ಕೊಟ್ಟು ಸರ್ವರ್‌ಗೆ ಹೊಡೆದು ನೋಡಿ.

ಕಾಲೇಜಿನ ಪ್ರಾಜೆಕ್ಟ್‌ನಲ್ಲಿ ಒಂದೇ ಯಂತ್ರ ಕ್ಲೈಂಟೂ ಸರ್ವರೂ ಆಗಿದ್ದರೆ ಎರಡು ದಿಕ್ಕಿಗೂ ಒಂದೇ ಕೀಲಿ ಇಡಬೇಡಿ. ನಡುವೆ ಇರುವವನು ಆ ಯಂತ್ರದ ಸಂದೇಶವನ್ನು ಅದಕ್ಕೇ ತಿರುಗಿಸಿ, ತನ್ನ ಜೊತೆ ತಾನೇ ಮಾತಾಡುವಂತೆ ಮಾಡಬಹುದು. 2019ರಲ್ಲಿ ಡ್ರಕರ್ ಮತ್ತು ಗೆರೋನ್ ತೋರಿಸಿದ ಈ ದಾಳಿಗೆ ‘ಸೆಲ್ಫಿ’ ಎಂದೇ ಹೆಸರು.

ಪ್ರಶ್ನೆ: ಯಾದಗಿರಿಯ ರೈಸ್‌ಮಿಲ್ ಆಫೀಸಿನಿಂದ ಶಹಾಪುರದ ಗೋದಾಮಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ (ಎನ್‌ಕ್ರಿಪ್ಟ್ ಆದ ಸುರಂಗ) ಹಾಕಿದ್ದೇವೆ. ಅದರಲ್ಲೂ ಪ್ರಿ-ಶೇರ್ಡ್ ಕೀ ಅಂತ ಒಂದು ಖಾನೆ ಇದೆ. ತುಂಬಲೇಬೇಕಾ? ಇನ್ನೊಂದು, ಕರೆಂಟ್ ಹೋಗಿ ಬಂದ ಮೇಲೆ ಗೋದಾಮಿನ ರೌಟರ್ ಕೂಡಿಕೊಳ್ಳುವುದೇ ಇಲ್ಲ. ಆಫೀಸಿನ ಕಡೆ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಏನಿರಬಹುದ್ರಿ?

ಉತ್ತರ: ಹೆಸರು ಒಂದೇ, ಕೆಲಸ ಬೇರೆ. ವೈರ್‌ಗಾರ್ಡ್‌ನಲ್ಲಿ ಗುರುತು ನಿಲ್ಲುವುದು ಪಬ್ಲಿಕ್-ಪ್ರೈವೇಟ್ ಕೀಲಿ ಜೋಡಿಯ ಮೇಲೆ. ಪ್ರಿ-ಶೇರ್ಡ್ ಕೀ ಅದರ ಮೇಲಿನ ಹೆಚ್ಚುವರಿ ಪದರ: ಮುಂದೆ ಕ್ವಾಂಟಂ ಕಂಪ್ಯೂಟರ್ ಬಂದು ಆ ಜೋಡಿಯನ್ನು ಮುರಿದರೂ ಇಂದಿನ ಸಂಚಾರ ಉಳಿಯಲಿ ಎಂಬ ಎಚ್ಚರಿಕೆ. ತುಂಬಲೇಬೇಕೆಂದಿಲ್ಲ, ಎರಡೇ ತುದಿ ಇರುವ ನಿಮ್ಮಂಥ ಕಡೆ ತುಂಬುವುದು ಒಳ್ಳೆಯದು. ‘ಜೆನ್‌ಪಿಎಸ್‌ಕೆ’ ಆದೇಶ 44 ಅಕ್ಷರದ ಕೀಲಿ ಕೊಡುತ್ತದೆ. ಎರಡೂ ಕಡೆಯ ಪಿಯರ್ ವಿಭಾಗದಲ್ಲಿ ಅದನ್ನೇ ಹಾಕಿ. ಹೊಂದದಿದ್ದರೆ ಸ್ಪಷ್ಟ ದೋಷ ಸಂದೇಶ ಬರುವುದಿಲ್ಲ, ‘ಲೇಟೆಸ್ಟ್ ಹ್ಯಾಂಡ್‌ಶೇಕ್’ ಸಾಲು ಮಾತ್ರ ಕಾಣೆಯಾಗುತ್ತದೆ.

ಎರಡನೆಯ ತೊಂದರೆ ಗಡಿಯಾರದ್ದು. ವೈರ್‌ಗಾರ್ಡ್ ಪ್ರತಿ ಹ್ಯಾಂಡ್‌ಶೇಕ್‌ಗೂ ಸಮಯದ ಮುದ್ರೆ ಹಾಕುತ್ತದೆ. ಹಿಂದೆ ಕಂಡದ್ದಕ್ಕಿಂತ ಹಳೆಯ ಮುದ್ರೆ ಬಂದರೆ, ಯಾರೋ ಹಳೆಯ ಸಂದೇಶವನ್ನೇ ಮತ್ತೆ ಕಳಿಸಿದ್ದಾರೆಂದು ತಳ್ಳಿಹಾಕುತ್ತದೆ. ಗೋದಾಮಿನ ರೌಟರ್ ಕರೆಂಟ್ ಬಂದಾಗ ಹಿಂದಿನ ದಿನಾಂಕಕ್ಕೆ ಹೋಗಿರುತ್ತದೆ. ಆಫೀಸಿನ ಯಂತ್ರ ಆ ನೆನಪನ್ನು ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುವುದರಿಂದ ರೀಸ್ಟಾರ್ಟ್ ಮಾಡಿದಾಗ ಸರಿಹೋಗುತ್ತದೆ. ಗೋದಾಮಿನ ಎಲ್ಲ ಸಂಚಾರವೂ ಸುರಂಗದ ಮೂಲಕವೇ ಹೋಗುವಂತೆ 0.0.0.0/0 ಹಾಕಿದ್ದರೆ ಬಿಕ್ಕಟ್ಟು ಪೂರ್ತಿ: ಸುರಂಗ ತೆರೆಯಲು ಸಮಯ ಬೇಕು, ಸಮಯ ತರಲು ಸುರಂಗ ಬೇಕು. ಆಫೀಸಿನ ನೆಟ್‌ವರ್ಕ್ ವಿಳಾಸಗಳನ್ನಷ್ಟೇ ಸುರಂಗಕ್ಕೆ ಬಿಟ್ಟು ಸಮಯ ತರುವ ಎನ್‌ಟಿಪಿ ನೇರ ಹೊರಹೋಗುವಂತೆ ಮಾಡಿ. ರೌಟರ್ ಜಾಗದಲ್ಲಿ ರಾಸ್ಪ್‌ಬೆರಿ ಪೈ ಇದ್ದರೆ ಡಿಎಸ್3231 ಗಡಿಯಾರದ ಮಾಡ್ಯೂಲ್ ಕೂಡಿಸಿ.

ಪ್ರಶ್ನೆ: ಗ್ರಾಹಕರು ಬ್ರೌಸರ್‌ನಲ್ಲಿ ತೆರೆಯುವ ವೆಬ್‌ಸೈಟಿಗೆ ಪಿಎಸ್‌ಕೆ ಹಾಕಬಹುದೇ? (ಸೇಡಂ)

ಉತ್ತರ: ಇಲ್ಲ. ಬ್ರೌಸರ್‌ಗಳು ನಾವು ಕೊಡುವ ಪಿಎಸ್‌ಕೆಯನ್ನು ತೆಗೆದುಕೊಳ್ಳುವುದಿಲ್ಲ. ಅಲ್ಲಿ ಸರ್ಟಿಫಿಕೇಟೇ ಸರಿ.

ಪ್ರಶ್ನೆ: ಹುಮನಾಬಾದ್‌ನಿಂದ ಬರೆಯುತ್ತಿದ್ದೇನೆ. ಕೀಲಿಗಳನ್ನು ಹಾಕಿಕೊಟ್ಟ ಹುಡುಗ ಕೆಲಸ ಬಿಟ್ಟ. ಕೀಲಿ ಅವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಹೋಗಿತ್ತು. ಎಲ್ಲ ಯಂತ್ರ ಒಮ್ಮೆಲೇ ನಿಲ್ಲಿಸದೆ ಬದಲಿಸುವುದು ಹೇಗೆ?

ಉತ್ತರ: ಬದಲಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ಅವನ ಮೇಲೆ ಅನುಮಾನ ಪಡಬೇಕಿಲ್ಲ, ಆದರೆ ಆ ಚಾಟ್ ಅವನ ಫೋನಿನಲ್ಲೂ ಬ್ಯಾಕಪ್‌ನಲ್ಲೂ ಉಳಿದಿರಬಹುದು.

ಹಳೆಯ ಐಡೆಂಟಿಟಿಯ ಕೀಲಿಯನ್ನು ತಿದ್ದಬೇಡಿ, ಹೊಸ ಐಡೆಂಟಿಟಿ ಸೇರಿಸಿ. ‘ಪಂಪ್-04-ಎ’ ಇದ್ದರೆ ಹೊಸ ಕೀಲಿಯೊಂದಿಗೆ ‘ಪಂಪ್-04-ಬಿ’ ಎಂಬ ಸಾಲು ಬರೆದು ಸರ್ವರ್‌ಗೆ ಕಡತ ಮತ್ತೆ ಓದಿಸಿ. ಈಗ ಎರಡೂ ನಡೆಯುತ್ತವೆ. ಕಡತದಲ್ಲಿ ಐಡೆಂಟಿಟಿಗಳನ್ನು ಇಂಗ್ಲಿಷ್ ಅಕ್ಷರ, ಅಂಕೆಗಳಲ್ಲೇ ಇಡಿ. ಅವುಗಳಲ್ಲಿ ರೈತರ ಹೆಸರು, ಮೊಬೈಲ್ ನಂಬರ್ ಬೇಡ, ಏಕೆಂದರೆ ಐಡೆಂಟಿಟಿ ಎನ್‌ಕ್ರಿಪ್ಟ್ ಆಗದೆ ಬಯಲಲ್ಲೇ ಹೋಗುತ್ತದೆ. ಆಮೇಲೆ ಒಂದೊಂದೇ ಯಂತ್ರಕ್ಕೆ ಹೋಗಿ ಲ್ಯಾಪ್‌ಟಾಪ್‌ನಿಂದ ಕೇಬಲ್ ಮೂಲಕ ಹೊಸ ಕೀಲಿ ಇಳಿಸಿ. ಸರಿಯಾದ ಕೀಲಿ ಕೂತಿದೆಯೇ ಎಂದು ಫೋನಿನಲ್ಲಿ ಕೇಳಿ ಖಚಿತಪಡಿಸಬೇಕಾದರೆ ಕೀಲಿ ಓದಿ ಹೇಳಬೇಡಿ. ಅದರ ಶಾ-256 ಹ್ಯಾಷ್ ತೆಗೆದು ಮೊದಲ 8 ಅಕ್ಷರ ಮಾತ್ರ ಹೇಳಿ. ಲಾಗ್‌ನಲ್ಲಿ ‘-ಬಿ’ ಹೆಸರು ಬರತೊಡಗಿದ ಮೇಲೆ ‘-ಎ’ ಸಾಲನ್ನು ಅಳಿಸಿ, ಹಳೆಯ ಸಂಪರ್ಕ ಇನ್ನೂ ತೆರೆದಿದ್ದರೆ ಅದನ್ನು ಕಡಿದುಹಾಕಿ. ಸಾಲು ಅಳಿಸಿದ ಮಾತ್ರಕ್ಕೆ ಆಗಲೇ ಕೂಡಿಕೊಂಡಿರುವ ಸಂಪರ್ಕ ತಾನಾಗಿ ಮುಚ್ಚುವುದಿಲ್ಲ.