ಕ್ರೋಮ್‌ನಲ್ಲಿ ಸರಿ ಇರೋ ವೆಬ್‌ಸೈಟ್ ಐಫೋನ್‌ನಲ್ಲಿ ಯಾಕೆ ಕೆಡುತ್ತದೆ?

ದುರ್ಗದಬೈಲಿನ ಸೀರೆ ಅಂಗಡಿಗೆ ಮಾಡಿದ ಸೈಟ್ ಕಂಪ್ಯೂಟರಿನ ಕ್ರೋಮ್‌ನಲ್ಲಿ ಚೆನ್ನಾಗಿದೆ, ಗಿರಾಕಿಯ ಐಫೋನ್‌ನಲ್ಲಿ ಮಾತ್ರ ಕೆಳಗಿನ ಪೇಮೆಂಟ್ ಬಟನ್ ಮುಚ್ಚಿಹೋಗುತ್ತದೆ ಅಂತ ಕೇಳಿದ್ದೀರಿ. ಕ್ರೋಮ್, ಎಡ್ಜ್, ಒಪೇರಾ ಮೂರೂ ಓಡೋದು ಬ್ಲಿಂಕ್ ಎಂಜಿನ್ (ಕೋಡ್ ಓದಿ ಪುಟವನ್ನು ತೆರೆಯ ಮೇಲೆ ಮೂಡಿಸೋ ಒಳಭಾಗ) ಮೇಲೆ, ಹಾಗಾಗಿ ಮೂರರಲ್ಲಿ ನೋಡಿದರೂ ಹೆಚ್ಚುಕಮ್ಮಿ ಒಂದರಲ್ಲೇ ನೋಡಿದ ಹಾಗೆ. ಫೈರ್‌ಫಾಕ್ಸ್‌ನದು ಗೆಕೊ, ಐಫೋನ್‌ನ ಸ್ವಂತ ಬ್ರೌಸರ್ ಸಫಾರಿಯದು ವೆಬ್‌ಕಿಟ್. ನಮ್ಮಲ್ಲಿ ಐಫೋನ್‌ಗೆ ಕ್ರೋಮ್ ಹಾಕಿಕೊಂಡರೂ ಒಳಗಿರೋದು ವೆಬ್‌ಕಿಟ್ಟೇ.

ಪುಟಕ್ಕೆ 100 ವಿಎಚ್ (100vh, ಅಂದರೆ ತೆರೆಯ ಪೂರ್ತಿ ಎತ್ತರ) ಕೊಟ್ಟಿದ್ದೀರಾ ನೋಡಿ. ಮೊಬೈಲ್ ಸಫಾರಿ ಅದನ್ನು ಅಡ್ರೆಸ್ ಬಾರ್ ಲೆಕ್ಕಕ್ಕೆ ಹಿಡಿಯದೆ ಅಳೆಯುತ್ತದೆ, ಹಾಗಾಗಿ ಬಟನ್ ಆ ಬಾರಿನ ಕೆಳಗೆ ಸಿಕ್ಕಿಬೀಳುತ್ತದೆ. ಬದಲಿಗೆ ಬಾರ್ ಬಂದುಹೋದಂತೆ ಎತ್ತರ ಹೊಂದಿಸಿಕೊಳ್ಳೋ 100 ಡಿವಿಎಚ್ (100dvh) ಹಾಕಿ, ಸಫಾರಿ 15.4ರಿಂದ (2022) ನಡೆಯುತ್ತದೆ. ಹಳೆ ಫೋನ್‌ಗಳಿಗಾಗಿ ಕೋಡ್‌ನಲ್ಲಿ ವಿಎಚ್ ಸಾಲನ್ನು ಡಿವಿಎಚ್ ಸಾಲಿಗಿಂತ ಮೊದಲು ಹಾಗೇ ಬಿಡಿ.

ಬ್ರೌಸರ್ ಹೆಸರು ನೋಡಿ ಕೋಡ್ ಬದಲಿಸೋದು ದಯವಿಟ್ಟು ಬೇಡ, ಆ ಸೌಲಭ್ಯ ಇದೆಯಾ ಅಂತ ಸಿಎಸ್‌ಎಸ್‌ನ (ಪುಟದ ರೂಪ ಹೇಳೋ ಕೋಡ್) ಸಪೋರ್ಟ್ಸ್ (@supports) ನಿಯಮದಿಂದ ಕೇಳಿ.

ಕನ್ನಡ ಸೈಟಿಗೆ ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ನೋಡೋದೇ ಇಲ್ಲ. ಫಾಂಟ್ ಅನ್ನು ಸೈಟ್ ಜೊತೆಗೇ ಕೊಡಿ, ಇಲ್ಲದಿದ್ದರೆ ಒಂದೊಂದು ಫೋನ್ ತನ್ನದೇ ಫಾಂಟ್ ಹಾಕುತ್ತದೆ, ಸಾಲಿನ ಎತ್ತರ ಬಿಗಿಯಾಗಿದ್ದರೆ 'ಹುಬ್ಬಳ್ಳಿ'ಯ ಒತ್ತುಗಳೇ ಕತ್ತರಿಸಿಹೋಗಬಹುದು.

ಕಂಪ್ಯೂಟರಿನ ಕ್ರೋಮ್‌ನಲ್ಲಿರೋ ಮೊಬೈಲ್ ನೋಟ ತೆರೆಯ ಅಳತೆಯಂಥವನ್ನು ಬದಲಿಸುತ್ತದೆ, ಎಂಜಿನ್ ಅನ್ನಲ್ಲ. ಯಾರದಾದರೂ ನಿಜವಾದ ಐಫೋನ್ ಇಸ್ಕೊಂಡು ಪೇಮೆಂಟ್‌ವರೆಗೂ ಹೋಗಿ ನೋಡಿ.